ಮಾವನವರು ಬಂದರು

ಕೆಂಡಲ್ ಪಾರ್ಕ್
ಸೆಪ್ಟೆಂಬರ್ 8, 2024

ಅಪ್ಪಾ,

ಬ್ರಿಡ್ಜ್‌ವಾಟರಿನವರೆಗೆ ಬಗ್ಗಲಾಗುವುದಿಲ್ಲವಾದ್ದರಿಂದ ನಮ್ಮ ಅಡುಗೆಮನೆಯಿಂದಲೇ ನಿಮ್ಮ ಕಾಲಿಗೆ ನಮಸ್ಕಾರ. ಕಾರು ಹತ್ತಿದರೆ ಅರ್ಧ ಗಂಟೆಯಲ್ಲಿ ಸಿಗುವ ಅಪ್ಪನಿಗೆ ಸ್ಟ್ಯಾಂಪು ಹಚ್ಚಿ ಕಾಗದ ಹಾಕುವ ಮಗಳು ಇಡೀ ನ್ಯೂಜೆರ್ಸಿಯಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ? ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲ. ಮೆಸೇಜು ಓದುವುದಿಲ್ಲ ಎಂದು ಹಟ. ಎದುರಿಗೆ ಬಂದು ಕೂತರೆ ತಮ್ಮ ಜಗದೀಶನ ಮನೆಯ ಟೀವಿ ಗದ್ದಲದಲ್ಲಿ ನಾನು ಕಿರುಚಬೇಕು, ನೀವು "ಹೌದ್ಹೌದು" ಎಂದು ಸುಮ್ಮನೆ ತಲೆಯಾಡಿಸಬೇಕು. ಕಿವಿಯ ಮಷೀನು ಇನ್ನೂ ಡಬ್ಬಿ ಬಿಟ್ಟು ಎದ್ದಿಲ್ಲ ಎಂದು ಅವನ ಹೆಂಡತಿ ಲಾವಣ್ಯಾ ನಿಮ್ಮ ಮೇಲೆ ಚಾಡಿ ಹೇಳಿದಳು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಅತ್ತೆಯ ಹಿಂದಿ ಹೋಗುತ್ತಿದೆ.

ನೀವು ಅವರನ್ನು ಉಮಾರಾಣಿಯವರು ಎನ್ನುತ್ತೀರಿ. ಅತುಲ್ ತಾಯಿಯನ್ನು ಕರೆಯುವುದು ಕಾಕ್ನಿ ಎಂದು, ನನಗೂ ಅದೇ ರೂಢಿ. ಜಮ್ಮುವಿನಿಂದ ನಮ್ಮಲ್ಲಿಗೆ ಬಂದ ಹೊಸದರಲ್ಲಿ ನನ್ನೊಡನೆ ಹಿಂದಿಯಲ್ಲಿ ಎಷ್ಟು ಹರಟುತ್ತಿದ್ದರು! ಮರೆವು ಶುರುವಾದ ಮೇಲೆ ಮೊದಲು ರಸ್ತೆಯ ಹೆಸರು ಹೋಯಿತು, ಆಮೇಲೆ ನನ್ನ ಹೆಸರು. ಈಗ ಹಿಂದಿ. ಕೊನೆಗೆ ಕಲಿತದ್ದು ಮೊದಲು ಹೋಗುತ್ತದಂತೆ, ಡಾಕ್ಟರು ಹೇಳಿದರು. ಉಳಿದಿರುವುದು ಹುಟ್ಟಿದ ಮನೆಯ ಕಾಶ್ಮೀರಿ ಒಂದೇ.

ನಿನ್ನೆ ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಕಾಕ್ನಿ ಏನೋ ಕೇಳಿದರು. ತಿಳಿಯಲಿಲ್ಲ. ಶಾಲು ತಂದುಕೊಟ್ಟೆ, ಕಿಟಕಿ ತೆಗೆದೆ, ಚಹಾ ಇಟ್ಟೆ. ಪ್ರತಿಸಲವೂ ಅವರು ಮೆಲ್ಲಗೆ ಅದೇ ಮಾತನ್ನು ಹೇಳಿದರು, ಬೇಸರವಿಲ್ಲದೆ. ಕೊನೆಗೆ ತಾವೇ ಎದ್ದು ಹೋಗಿ ನಲ್ಲಿಯ ನೀರು ಹಿಡಿದು ಕುಡಿದರು. ಕುಡಿದು ನನ್ನ ತಲೆ ನೇವರಿಸಿದರು, ಬಾಯಾರಿದವಳು ನಾನೇ ಎಂಬಂತೆ. ನನಗೆ ಅಳು ಬಂತು.

ಅತುಲ್‌ಗೆ ತಾಯಿಯ ಮಾತು ತಿಳಿಯುತ್ತದೆ, ತಿರುಗಿ ಆಡಲು ಬಾಯಿ ಬರುವುದಿಲ್ಲ. ಜಮ್ಮುವಿನ ಶಾಲೆಯಲ್ಲಿ ಹುಡುಗರು ನಗಬಾರದೆಂದು ಮಾವನವರು ಮನೆಯಲ್ಲಿ ಹಿಂದಿ ಶುರು ಮಾಡಿದ್ದರಂತೆ. ನಮ್ಮ ಸಿಯಾ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹಾಗೆ ಇವರು ಕಾಶ್ಮೀರಿಗೆ ಹಿಂದಿಯಲ್ಲಿ ಉತ್ತರ ಕೊಡುತ್ತಾ ದೊಡ್ಡವರಾದರು. ಈಗ ಆ ಉತ್ತರ ತಾಯಿಗೆ ತಿಳಿಯುತ್ತಿಲ್ಲ. ಕಾಕ್ನಿ ಮಾತಾಡುತ್ತಾರೆ, ಮನೆಯಲ್ಲಿ ಒಬ್ಬರೂ ಉತ್ತರ ಕೊಡುವವರಿಲ್ಲ.

ಅದಕ್ಕೇ ಕಲಿಯಬೇಕೆಂದಿದ್ದೇನೆ. ಬೇರೆಯವರಾದರೆ ಹಾಡು ಕೇಳಿ ಕಲಿಯುತ್ತಾರೆ, ಸಿನಿಮಾ ನೋಡಿ ಕಲಿಯುತ್ತಾರೆ. ನಿಮ್ಮ ಮಗಳು ವಿಭಕ್ತಿ ಎಲ್ಲಿದೆ ಎಂದು ಹುಡುಕುತ್ತಾಳೆ. ಎಲ್ಲಿಂದ ಶುರು ಮಾಡಲಿ, ಹೇಳಿ.

ನಿಮ್ಮ ದಡ್ಡ ವಿದ್ಯಾರ್ಥಿನಿ,
ಶರ್ವಾಣಿ


ಬ್ರಿಡ್ಜ್‌ವಾಟರ್
ಸೆಪ್ಟೆಂಬರ್ 14, 2024

ಮಗಳಿಗೆ, ಕಿವಿ ಇಲ್ಲದ ಆದರೆ ಬಾಯಿ ಇರುವ ಅಪ್ಪನ ಆಶೀರ್ವಾದ.

ನಿನ್ನ ಕಾಗದ ಓದಿ ಮೈಯಲ್ಲಿ ಹತ್ತು ವರ್ಷ ಇಳಿದ ಹಾಗಾಯಿತು. ಧಾರವಾಡದ ಶಾಲೆಯಿಂದ ರಿಟೈರ್ ಆದ ಮೇಲೆ ನನ್ನನ್ನು ಯಾರೂ ವ್ಯಾಕರಣ ಕೇಳಿರಲಿಲ್ಲ. ಇಲ್ಲಿ ಬೆಳಿಗ್ಗೆ ಹಿತ್ತಿಲಿಗೆ ಜಿಂಕೆಗಳು ಬರುತ್ತವೆ. ಅವುಗಳಿಗೆ ಸಂಧಿ ಬಿಡಿಸಿ ಹೇಳುತ್ತಿರುತ್ತೇನೆ. ಕಿವಿ ನಿಮಿರಿಸಿ ಕೇಳುತ್ತವೆ, ನಿನ್ನ ತಮ್ಮ ಜಗದೀಶನಿಗಿಂತ ವಾಸಿ.

ಕ್ರಿಯಾಪದದಿಂದ ಶುರು ಮಾಡು. ಮಾತಿನ ಊಟದಲ್ಲಿ ಅನ್ನ ಅದು, ಮಿಕ್ಕದ್ದೆಲ್ಲ ಉಪ್ಪಿನಕಾಯಿ. ಒಂದೇ ಒಂದು ಕ್ರಿಯಾಪದ ಸಾಕು, 'ಬರು' ತಗೋ. ಬಂದೆ, ಬಂದೆವು, ಬಂದನು, ಬಂದರು. ಎಲ್ಲ ರೂಪಗಳೂ ಅವರ ಬಾಯಿಂದಲೇ ಬರಬೇಕು. ಕನ್ನಡದ ಅಚ್ಚಿಗೆ ಅವರ ಮಾತನ್ನು ಎರಕ ಹೊಯ್ಯಬೇಡ. ನೀನು ಒಂದು ವಾಕ್ಯ ಹೇಳು, ತಪ್ಪಾಗಿಯೇ ಹೇಳು. ಸ್ವಂತ ಮಾತನ್ನು ಬೇರೆಯವರು ಕೆಡಿಸಿದರೆ ಸುಮ್ಮನಿರುವ ಮನುಷ್ಯ ಹುಟ್ಟಿಲ್ಲ, ಅವರೇ ತಿದ್ದುತ್ತಾರೆ.

ಇನ್ನೊಂದು ಮಾತು. ಉದಾಹರಣೆ ನಿಜವಾಗಿರಬೇಕೆಂದು ಒದ್ದಾಡಬೇಡ. ಉದಾಹರಣೆಗೆ ಸತ್ಯ ಸುಳ್ಳಿನ ಹಂಗಿಲ್ಲ. ನನ್ನ ಕರಿಹಲಗೆಯ ಮೇಲೆ ರಾಮನು ಕೊಡಲಿಯಿಂದ ಮರವನ್ನು ಕಡಿದನು. ನಾನು ಮಾಸ್ತರಿಕೆ ಮಾಡಿದಷ್ಟು ವರ್ಷವೂ ಕಡಿದ. ಶಾಲೆಯ ಮುಂದಿನ ಬೇವಿನ ಮರದ ಎಲೆ ಕೂಡ ಅಲ್ಲಾಡಲಿಲ್ಲ.

ಹಾಡ್ತಾ ಹಾಡ್ತಾ ರಾಗ ಅಂತಾರಲ್ಲ, ಬಂದೀತು. ಕಿವಿಯ ಮಷೀನಿನ ಮಾತು ಮುಂದಿನ ಕಾಗದದಲ್ಲಿ ಎತ್ತಬೇಡ.

ದ್ವಾರಕಾನಾಥ ಮಾಸ್ತರ
(ನಿನ್ನ ಅಪ್ಪನೂ ಹೌದು)


ಕೆಂಡಲ್ ಪಾರ್ಕ್
ಅಕ್ಟೋಬರ್ 20, 2024

ಮಾಸ್ತರರ ಸನ್ನಿಧಿಗೆ,

ನೀವು ಹೇಳಿದ್ದು ನಿಜವಾಯಿತು. ತಪ್ಪು ವಾಕ್ಯ ಹೇಳಿದ ಕೂಡಲೇ ಕಾಕ್ನಿ ಎದ್ದು ಕೂತರು! ಹಿಂದಿನ ಗಾಜಿನ ಕೋಣೆಯಲ್ಲಿ ನಮ್ಮ ಪಾಠ. ನಾನು ಆಫೀಸಿನಿಂದ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಅವರು ಅಲ್ಲಿ ಕಾಯುತ್ತಿರುತ್ತಾರೆ. ನಾನು ತಪ್ಪಿದರೆ ಮಣಿಕಟ್ಟು ಹಿಡಿದು ಅದುಮುತ್ತಾರೆ, ಸರಿ ಹೇಳಿದರೆ ಬಿಡುತ್ತಾರೆ. ನನ್ನ ಎಡಗೈ ಮಣಿಕಟ್ಟು ಯಾವಾಗಲೂ ಕೆಂಪಗಿರುತ್ತದೆ.

ಹೆಸರು ಮರೆತಿದ್ದರಲ್ಲ, ಈಗ ನನ್ನನ್ನು ನೋಶ್ ಎನ್ನುತ್ತಾರೆ. ಸೊಸೆ ಎಂದರ್ಥ. ಹೆಸರು ಹೋದರೆ ಹೋಗಲಿ, ಸಂಬಂಧ ಉಳಿಯಿತು ಎಂದು ಸಮಾಧಾನ ನನಗೆ.

ನಿಮಗೆ ಹೇಳಲೇಬೇಕಾದದ್ದು ಒಂದಿದೆ. ದೊಡ್ಡವರನ್ನು ಕುರಿತು ಹೇಳುವಾಗ ನಮಗೆ ಇವರು, ಅವರು ಎಂದು ಎರಡೇ. ಇವರಿಗೆ ಮೂರು. ನಾನು ಒಬ್ಬೊಬ್ಬರನ್ನೇ ತೋರಿಸಿ ಕೇಳಿದೆ. ಪಕ್ಕದಲ್ಲಿದ್ದ ಅತುಲ್‌ರ ತೋಳು ಮುಟ್ಟಿ ಯಿಮ್ ಎಂದರು. ಗಾಜಿನಾಚೆ ಎಲೆ ಗುಡಿಸುತ್ತಿದ್ದ ನೆರೆಮನೆಯ ಮುದುಕರನ್ನು ತೋರಿಸಿ ಹುಮ್ ಎಂದರು. ಗೋಡೆಯ ಮೇಲಿನ ಮಾವನವರ ಫೋಟೋ ತೋರಿಸಿದೆ. ಕಾಕ್ನಿ ಫೋಟೋ ಕಡೆ ನೋಡಲೇ ಇಲ್ಲ. ಕಣ್ಣು ಮುಚ್ಚಿಕೊಂಡು ತಿಮ್ ಎಂದರು. ಹತ್ತಿರದವರು, ದೂರ ಕಾಣುವವರು, ಕಣ್ಣಿಗೆ ಕಾಣದವರು. ಕಾಣದವರಿಗೆಂದೇ ಒಂದು ಸರ್ವನಾಮ ಇಟ್ಟುಕೊಂಡಿದ್ದಾರೆ, ಅಪ್ಪಾ. ಸಿಯಾ "ದಟ್ಸ್ ಸೋ ಕೂಲ್" ಎಂದು ಓಡಿಹೋಗಿ ನಮ್ಮ ಅವ್ವನ ಫೋಟೋ ಮುಂದೆ ನಿಂತು, ಕಣ್ಣು ಮುಚ್ಚಿ, ತಿಮ್ ಎಂದಳು.

ಆಫೀಸಿನ ದಾರಿಯಲ್ಲಿ, ರೂಟ್ ಒಂದು ಹೆದ್ದಾರಿಯ ಸಿಗ್ನಲ್ಲುಗಳಲ್ಲಿ ಕ್ರಿಯಾರೂಪಗಳನ್ನು ಬಾಯಿಪಾಠ ಮಾಡುತ್ತೇನೆ. ಮಳೆಯ ಸಂಜೆ ಮುಂದಿನ ಕಾರುಗಳ ಕೆಂಪು ದೀಪ ರಸ್ತೆಯ ಮೇಲೆಲ್ಲ ಹರಿದಿರುವಾಗ ನಾನು ದೋಣಿಯಲ್ಲಿ ಕೂತು ಎಲ್ಲಿಗೋ ಹೋಗುತ್ತಿದ್ದೇನೆ ಅನ್ನಿಸುತ್ತದೆ. ಕಾಕ್ನಿ ಬಿಟ್ಟು ಬಂದ ಶ್ರೀನಗರವನ್ನು ನಾನು ಕಂಡೇ ಇಲ್ಲ. ಮೊನ್ನೆ ಕಾಕ್ನಿ ಪಾರ್ಕಿನ ಸಿಕಮೋರ್ ಮರದ ಎಲೆ ಆಯ್ದುಕೊಂಡು ಬೂನಿ ಎಂದರು. ಚಿನಾರ್ ಮರಕ್ಕೆ ಅವರ ಹೆಸರು ಅದು. ಎಲೆಯನ್ನು ಗಲ್ಲಕ್ಕೆ ಒತ್ತಿಕೊಂಡು ಮನೆಯವರೆಗೂ ಬಂದರು. ಅಲ್ಲ, ಇದು ಬೇರೆ ಮರ ಎಂದು ಹೇಳುವಷ್ಟು ಕಾಶ್ಮೀರಿ ನನಗೆ ಬರುವುದಿಲ್ಲ, ಬರುತ್ತಿದ್ದರೂ ಹೇಳುತ್ತಿರಲಿಲ್ಲ.

ಕಲಿತದ್ದನ್ನೆಲ್ಲ ಬರೆದಿಡುತ್ತಿದ್ದೇನೆ. ಕನ್ನಡದಲ್ಲಿ ಬರೆದ ಕಾಶ್ಮೀರಿ ವ್ಯಾಕರಣ. ಓದುವವರು ಯಾರು ಎಂದು ಕೇಳಬೇಡಿ. ಅತುಲ್‌ರ ಬಾಯಿ ತಿರುಗಿದರೆ ಸಾಕು, ಕಾಕ್ನಿಗೆ ಕೊನೆಯವರೆಗೂ ಮನೆಯಲ್ಲಿ ಯಾರಾದರೂ ಉತ್ತರ ಕೊಟ್ಟರೆ ಸಾಕು.

ನೋಶ್ ಶರ್ವಾಣಿ


ಬ್ರಿಡ್ಜ್‌ವಾಟರ್
ನವೆಂಬರ್ 30, 2024

ನೋಶ್‌ಗೆ,

ಥ್ಯಾಂಕ್ಸ್‌ಗಿವಿಂಗ್ ದಿನ ನಿಮ್ಮ ಮನೆಯಲ್ಲಿ ಎಲ್ಲರೂ ಟೀವಿಯ ಫುಟ್‌ಬಾಲಿನ ಮುಂದೆ ಕೂತಾಗ ನಾನು, ನನ್ನ ಬೀಗಿತಿ ಇಬ್ಬರೇ ಗಾಜಿನ ಕೋಣೆಯಲ್ಲಿದ್ದೆವು. ಅವರು ಕಾಶ್ಮೀರಿಯಲ್ಲಿ ಹೇಳಿದರು, ನಾನು ಕನ್ನಡದಲ್ಲಿ ಹೇಳಿದೆ. ನನಗೆ ಕೇಳಿಸುವುದಿಲ್ಲ, ಅವರಿಗೆ ತಿಳಿಯುವುದಿಲ್ಲ. ಇಷ್ಟು ಸೊಗಸಾದ ಹರಟೆ ನಾನು ಹೊಡೆದು ವರ್ಷಗಳೇ ಆಗಿದ್ದವು. ಲಾವಣ್ಯಾ ಬಂದು, "ಮಾವ, ಅವ್ರ್ ಹೇಳಿದ್ದು ನಿಮಗ್ ಏನಾದ್ರೂ ಅರ್ಥ ಆಯ್ತಾ?" ಎಂದಳು. "ಎಲ್ಲಾ ತಿಳೀತವಾ, ಹೇಳ್ಲಿಕ್ಕೆ ಬರೂದಿಲ್ಲ ಅಷ್ಟೇ" ಎಂದೆ.

ನಿನ್ನ ಮೂರು ಸರ್ವನಾಮದ ಸುದ್ದಿ ಓದಿ ನಿದ್ದೆ ಕೆಟ್ಟಿತು. ನಮಗೂ ಮೂರಿದ್ದವು, ಮಗಳೇ. ಹಳಗನ್ನಡದಲ್ಲಿ ಇವನ್, ಉವನ್, ಅವನ್. ನಡುವಿನ ಉವನ್ ಯಾವಾಗ ಬಿದ್ದುಹೋದನೋ, ಯಾರೂ ಅಳಲಿಲ್ಲ. ಮಾತಿನಿಂದ ಒಂದು ರೂಪ ಹೋದರೆ ಮನೆಯಲ್ಲಿ ಸೂತಕ ಇರುವುದಿಲ್ಲ ನೋಡು. ನಿನ್ನ ಕೆಲಸ ಬಿಡಬೇಡ.

ಆದರೆ ಗೌರವದ ಬಹುವಚನ ನಿನ್ನ ಬಾಯಲ್ಲಿ ಇನ್ನೂ ಗಟ್ಟಿಯಾಗಿಲ್ಲ, ನಿನ್ನ ವ್ಯಾಕರಣದ ಹಾಳೆಯಲ್ಲಿ ನೀನೇ ಹಾಗೆ ಬರೆದುಕೊಂಡದ್ದನ್ನು ಅವತ್ತು ಕಂಡೆ. ಅದಕ್ಕೆ ಮದ್ದು ಇದೆ. ಸದರದಿಂದ ಏಕವಚನ ಬಳಸಲು ಸಾಧ್ಯವೇ ಇಲ್ಲದಂಥ ಒಬ್ಬರನ್ನು ಕರ್ತೃ ಮಾಡಿಕೋ. ನಿಮ್ಮ ಮಾವನವರನ್ನೇ ಮಾಡು. 'ಮಾವನವರು ಬಂದರು.' ಚಿಕ್ಕ ವಾಕ್ಯ, ಚೊಕ್ಕ ವಾಕ್ಯ. ದಿನಾ ಒಂದಿಷ್ಟು ಸಲ ಹೇಳು, ನಾಲಿಗೆ ಹೊರಳುತ್ತದೆ.

ಅಪ್ಪ


ಕೆಂಡಲ್ ಪಾರ್ಕ್
ಡಿಸೆಂಬರ್ 15, 2024

ಅಪ್ಪಾ,

ಮಾವನವರು ಬಂದರು. ಹಿಂದಿನ ವಾರದ ಶನಿವಾರ ಸಂಜೆ ನಾನು ಇದನ್ನು ಒಂದು ತಪ್ಪೂ ಇಲ್ಲದೆ ಹೇಳಿದೆ. ಕಾಕ್ನಿಯ ಮುಖ ನೋಡುತ್ತಾ ಶಾಬಾಸ್‌ಗಿರಿಗೆ ಕಾದು ಕೂತೆ.

ಅವರು ನನ್ನ ಮಣಿಕಟ್ಟು ಬಿಟ್ಟರು. ಎದ್ದರು. ತಲೆಯ ಸ್ಕಾರ್ಫು ಸರಿಮಾಡಿಕೊಂಡರು, ಕೂದಲನ್ನು ಒಳಗೆ ಸೇರಿಸಿಕೊಂಡರು. ಮದುಮಗಳ ಹಾಗೆ ಕಾಣುತ್ತಿದ್ದರು. ಹೋಗಿ ಮುಂಬಾಗಿಲು ತೆರೆದು ನಿಂತರು. ರಸ್ತೆಯ ಕೊನೆಯವರೆಗೂ ನೋಡಿದರು. ಚಳಿ ಒಳಗೆ ನುಗ್ಗುತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿ, ಎಲ್ಲಿ ಎಂದು ಕೇಳಿದರು.

ಅದು ಬರಿಯ ಉದಾಹರಣೆ ಎಂದು ಹೇಳಬೇಕಿತ್ತು. ಕಾಶ್ಮೀರಿಯಲ್ಲಿ ಉದಾಹರಣೆಗೆ ಏನೆನ್ನುತ್ತಾರೋ ನನಗೆ ಗೊತ್ತಿರಲಿಲ್ಲ, ಅಪ್ಪಾ.

ಅಂದಿನಿಂದ ದಿನವೂ ಹೊತ್ತು ಮುಳುಗುವಾಗ ಬಾಗಿಲಲ್ಲಿ ನಿಲ್ಲುತ್ತಾರೆ. ಮುಚ್ಚಿದರೆ ತೆರೆಯುತ್ತಾರೆ. ಗುರುವಾರ ನಾನು ಬರುವ ಮೊದಲೇ ಬರಿಗಾಲಲ್ಲಿ ಹೊರಗೆ ಹೋಗಿದ್ದರು. ಎಲೆ ಗುಡಿಸುವ ಆ ನೆರೆಮನೆಯವರು ತಮ್ಮ ಕೋಟು ಹೊದಿಸಿ ಕರೆತಂದರು. ಕಾಲು ಮಂಜಿನಷ್ಟು ತಣ್ಣಗಿತ್ತು. ಅತುಲ್ ಬಿಸಿನೀರಿನಲ್ಲಿ ತಾಯಿಯ ಕಾಲು ಇಟ್ಟುಕೊಂಡು ನನ್ನ ಮುಖ ನೋಡದೆ ಹೇಳಿದರು: "ಶರ್ವಾಣಿ, ಪ್ಲೀಸ್. ಆ ಗ್ರಾಮರ್ ಇನ್ನು ಸಾಕು. ಸ್ಟಾಪ್ ಇಟ್."

ಆಮೇಲೆ, ಪಾತ್ರೆ ಒರೆಸುತ್ತಾ, ಈವರೆಗೆ ಯಾವತ್ತೂ ಹೇಳದ ಒಂದು ಸಂಗತಿ ಹೇಳಿದರು. ತೊಂಬತ್ತರ ಗಲಭೆಯಲ್ಲಿ ಶ್ರೀನಗರ ಬಿಟ್ಟ ಆ ಚಳಿಗಾಲ ಕಾಕ್ನಿ ಚಿಕ್ಕ ಅತುಲ್‌ನನ್ನು ಕರೆದುಕೊಂಡು ಟ್ರಕ್ಕಿನಲ್ಲಿ ಮೊದಲೇ ಜಮ್ಮುವಿಗೆ ಬಂದರಂತೆ. ಮನೆಗೆ ಬೀಗ ಹಾಕಿ ಹಿಂದೆಯೇ ಬರುತ್ತೇನೆ ಎಂದಿದ್ದರಂತೆ ಮಾವನವರು. ಜಮ್ಮುವಿನ ಬಾಡಿಗೆ ಕೋಣೆಯ ಬಾಗಿಲಲ್ಲಿ ಕಾಕ್ನಿ ದಿನಾ ಸಂಜೆ ಹೀಗೆಯೇ ನಿಲ್ಲುತ್ತಿದ್ದರಂತೆ. ಒಂದು ಸಂಜೆ ಅವರು ಬಂದರು. ಮುಷ್ಟಿಯಲ್ಲಿ ಮನೆಯ ಕೀಲಿ. ಅದನ್ನು ಬಿಡಿಸಿಕೊಳ್ಳಲು ಹೋದರೆ ಅವರು ಬೆರಳು ಬಿಚ್ಚಲಿಲ್ಲವಂತೆ. ಇಷ್ಟು ಹೇಳಿ ಅತುಲ್ ಸಲಿಕೆ ತೆಗೆದುಕೊಂಡು ಡ್ರೈವ್‌ವೇಯ ಹಿಮ ತೆಗೆಯಲು ಹೋದರು. ಹಿಮ ಬಿದ್ದೇ ಇರಲಿಲ್ಲ.

ವ್ಯಾಕರಣವನ್ನು ಫ್ರಿಜ್ಜಿನ ಮೇಲೆ ಎತ್ತಿಟ್ಟಿದ್ದೇನೆ. ಪಾಠ ನಿಂತ ಮೇಲೆ ಕಾಕ್ನಿ ಮಾತನ್ನೇ ನಿಲ್ಲಿಸಿದ್ದಾರೆ. ಸ್ವಲ್ಪ ದಿನ ನನಗೆ ಬರೆಯಬೇಡಿ.

ಶರ್ವಾಣಿ


ಬ್ರಿಡ್ಜ್‌ವಾಟರ್
ಫೆಬ್ರುವರಿ 2, 2025

ಶರ್ವಾಣೀ,

ಬರೆಯಬೇಡಿ ಅಂದಿದ್ದೀ. ಕ್ರಿಸ್‌ಮಸ್ ಕಳೆಯಿತು, ಸಂಕ್ರಾಂತಿ ಕಳೆಯಿತು, ಎಳ್ಳು ಕೊಡಲಿಕ್ಕೂ ನೀನು ಬರಲಿಲ್ಲ. ಇನ್ನು ತಡೆಯಲಾರೆ. ಆ ವಾಕ್ಯ ಕೊಟ್ಟವನು ನಾನು. ಬೈಯುವುದಿದ್ದರೆ ನನ್ನನ್ನು ಬೈಯಿ.

ಉದಾಹರಣೆಗೆ ಸತ್ಯ ಸುಳ್ಳಿನ ಹಂಗಿಲ್ಲ ಎಂದು ಬರೆದಿದ್ದೆನಲ್ಲ. ಒಂದು ಮಾತು ಬಿಟ್ಟಿದ್ದೆ. ನಿಮ್ಮವ್ವ ಪದ್ಮಜಾ ಇದ್ದಾಗ ನನ್ನ ಕರಿಹಲಗೆಯ ತುಂಬ ಅವಳೇ. ಪದ್ಮಜೆಯು ಹೂ ತಂದಳು, ಪದ್ಮಜೆಯಿಂದ ರೊಟ್ಟಿ ಮಾಡಲ್ಪಟ್ಟಿತು. ಹುಡುಗರು ಮುಸಿಮುಸಿ ನಗುತ್ತಿದ್ದರು. ನಿಮ್ಮವ್ವ ಹೋದ ಮೇಲೆ ಒಂದೇ ಒಂದು ಉದಾಹರಣೆಯಲ್ಲೂ ನಾನು ಅವಳ ಹೆಸರು ಹಾಕಿಲ್ಲ. ಯಾಕೆ ಎಂದು ನನ್ನನ್ನು ನಾನೇ ಕೇಳಿಕೊಳ್ಳಲಿಲ್ಲ. ನಿನ್ನ ಕಾಗದ ಓದಿದ ಮೇಲೆ ಕೇಳಿಕೊಂಡೆ.

ನಿನ್ನ ಮದುವೆಯಲ್ಲಿ ಜಮ್ಮುವಿನಲ್ಲಿ ಮನೆ ತುಂಬಿಸಿಕೊಳ್ಳುವಾಗ ನಿನ್ನ ಸೋದರತ್ತೆ ಬಾಗಿಲಿಗೆ ಅಡ್ಡ ನಿಂತು, "ನಮ್ಮ ಕಡೆ ಒಡಪು ಹೇಳಿ ಗಂಡನ ಹೆಸರು ಹೇಳದಽ ಒಳಗ ಬಿಡೂದಿಲ್ಲ" ಎಂದು ಹಟ ಮಾಡಿದಳಲ್ಲ, ನೆನಪಿದೆಯಾ? ನೀನು ನಾಚಿಕೊಂಡು ಹೇಳಿದೆ:

ಕಾಶ್ಮೀರದ ಕೇಸರಿ ಕೆಂಪ, ಧಾರವಾಡದ ಮಳಿ ತಂಪ,
ಅತುಲರ ಹೆಸರ ಹೇಳೇನಿ, ಬಿಡ್ರಿ, ಹಿಂದ ನಿಂತದ ಮಂದಿ ಗುಂಪ.

ಒಳಗೆ ನಿಂತಿದ್ದ ನಿಮ್ಮ ಅತ್ತೆಗೆ ಒಂದಕ್ಷರ ತಿಳಿಯಲಿಲ್ಲ. ತಿಳಿಯದೆಯೇ ನಕ್ಕು, ನಿನ್ನ ಕೈ ಹಿಡಿದು ಒಳಗೆ ಕರೆದುಕೊಂಡರು. ನಾನು ಅವತ್ತೇ ನಿಮ್ಮವ್ವನಿಗೆ, ಇವಳು ಇಲ್ಲಿ ಸುಖವಾಗಿರುತ್ತಾಳೆ ಎಂದೆ.

ನನಗೆ ಉಪಾಯ ಯಾವುದೂ ತೋಚಿಲ್ಲ. ಬಾಗಿಲಲ್ಲಿ ನಿಂತವರನ್ನು ಒಳಗೆ ಎಳೆಯಬೇಡ, ಜೊತೆಗೆ ನಿಂತುಕೋ. ಇಷ್ಟೇ ನನಗೆ ಗೊತ್ತಿರುವುದು.

ನಿನ್ನ ಅಪ್ಪ


ಕೆಂಡಲ್ ಪಾರ್ಕ್
ಮಾರ್ಚ್ 2, 2025

ಅಪ್ಪಾ,

ನಿಮ್ಮ ಕಾಗದ ಬಂದ ಸಂಜೆಯಿಂದ ನಾನೂ ಬಾಗಿಲಲ್ಲಿ ನಿಂತೆ. ಇಬ್ಬರಿಗೂ ಸೇರಿ ಒಂದು ರಗ್ಗು ಹೊದ್ದುಕೊಂಡು. ರಸ್ತೆಯ ದೀಪಗಳು ಹೊತ್ತಿಕೊಳ್ಳುವುದನ್ನು ನೋಡುತ್ತಾ ನಿಲ್ಲುತ್ತಿದ್ದೆವು. ಕೆಲವು ಸಂಜೆ ಹಿಮ ಬೀಳುತ್ತಿತ್ತು. ಆಗೆಲ್ಲ ಈ ಬೀದಿ ಯಾವ ಊರಿನದು ಎಂದು ನನಗೂ ಮರೆಯುತ್ತಿತ್ತು.

ಕಳೆದ ವಾರ ಇವರ ಶಿವರಾತ್ರಿ. ಹೇರತ್ ಎನ್ನುತ್ತಾರೆ. ಶಿವನ ಮದುವೆಗೆಂದು ಕೊಡದ ನೀರಿನಲ್ಲಿ ಅಕ್ರೋಟು ನೆನೆಹಾಕಿ ಪೂಜೆ ಮಾಡುತ್ತಾರೆ. ಅಮಾವಾಸ್ಯೆಯ ದಿನ ಕೊಡವನ್ನು ಹೊಳೆಗೆ ಒಯ್ದು, ಹಿಂದಕ್ಕೆ ತಂದು, ಮುಚ್ಚಿದ ಮನೆಬಾಗಿಲು ತಟ್ಟಬೇಕು. ಒಳಗಿನಿಂದ ಮನೆಯ ಹಿರಿಯ ಹೆಂಗಸು ಕೇಳುತ್ತಾಳೆ: "ಕುಸ್ ಛು?" ಯಾರದು ಎಂದು. ಹೊರಗಿನವರು "ರಾಮ ಬ್ರೋರ್" ಎನ್ನಬೇಕು. ರಾಮನ ಬೆಕ್ಕು ಅಂತ! ಏನು ತಂದೆ ಎಂದು ಕೇಳಿದರೆ ಅನ್ನ ತಂದೆ, ಧನ ತಂದೆ, ಆರೋಗ್ಯ ತಂದೆ ಎಂದು ಹೇಳಬೇಕು. ಆಮೇಲೆ ಬಾಗಿಲು ತೆಗೆಯುತ್ತಾರೆ. ನಮ್ಮ ಒಡಪಿನ ಅಕ್ಕತಂಗಿಯೇ ಇರಬೇಕು ಇದು.

ಈ ಸಲ ಹಬ್ಬವೇ ಬೇಡ ಎಂದಿದ್ದರು ಅತುಲ್. "ಈಗ ಡೋರ್ ನಾಕ್ ಮಾಡಿದರೆ ಅಪ್ಪಾನೇ ಬಂದರು ಅಂದುಕೊಳ್ತಾಳೆ. ಐ ಕಾಂಟ್ ಡೂ ದಟ್ ಟು ಹರ್." ನನಗೂ ಅದೇ ಭಯ. ಆದರೆ ವಾರಗಟ್ಟಲೆ ತುಟಿ ಬಿಚ್ಚದಿದ್ದ ಕಾಕ್ನಿ ಹಬ್ಬ ಹತ್ತಿರ ಬಂದಾಗ ಅಡುಗೆಮನೆಗೆ ಬಂದು, ಅಂಗೈ ಚಾಚಿ, "ದೂನ್" ಎಂದರು. ಅಕ್ರೋಟು. ಕಾಲವೆಲ್ಲ ಕಲಸಿಹೋದ ತಲೆಗೆ ತಿಥಿ ಮಾತ್ರ ಹೇಗೆ ತಿಳಿಯಿತೋ! ಐಸೆಲಿನ್‌ನ ಇಂಡಿಯನ್ ಅಂಗಡಿಗೆ ಓಡಿಹೋಗಿ ಚೀಲ ತುಂಬ ತಂದೆ.

ಕೊಡ ಹೊತ್ತು ಹೋಗಬೇಕಾದವರು ಅತುಲ್. ಪ್ರತಿವರ್ಷ ಬಾಗಿಲ ಹೊರಗೆ ನಿಂತು ಏನೋ ಗೊಣಗುತ್ತಿದ್ದರು, ಕಾಕ್ನಿ ನಕ್ಕು ತೆಗೆಯುತ್ತಿದ್ದರು. ಈ ಸಲ, "ನೀನೇ ಹೋಗು, ಐ ವಿಲ್ ಬಿ ವಿತ್ ಹರ್" ಎಂದರು. ನಾನು, ಸಿಯಾ ಮನೆಯ ಹಿಂದಿನ ಹಳ್ಳಕ್ಕೆ ಹೋದೆವು. ಅಂಚಿನಲ್ಲಿ ಇನ್ನೂ ಮಂಜುಗಡ್ಡೆ, ನಡುವೆ ಸಣ್ಣಗೆ ನೀರು ಹರಿಯುತ್ತಿತ್ತು. ಹಿಂದಿರುಗುವಾಗ ಹೊತ್ತು ಮುಳುಗುತ್ತಿತ್ತು. ಬಾಗಿಲು ಮುಚ್ಚಿತ್ತು. ಅದರ ಹಿಂದೆಯೇ ಅವರು ನಿಂತಿದ್ದಾರೆಂದು ನನಗೆ ಗೊತ್ತು. ಎಷ್ಟೋ ದಿನದಿಂದ ಕಾಯುತ್ತಿರುವವರ ಬಾಗಿಲನ್ನು ಹೇಗೆ ತಟ್ಟಲಿ? ಸಿಯಾ "ಮಾಮ್, ಜಸ್ಟ್ ನಾಕ್" ಎಂದಳು.

ತಟ್ಟಿದೆ. ಮತ್ತೆ ತಟ್ಟಿದೆ.

"ಕುಸ್ ಛು?"

ಅಕ್ರೋಟು ಕೇಳಿದ ಆ ಒಂದು ಶಬ್ದ ಬಿಟ್ಟರೆ ಆ ದನಿ ಕೇಳಿ ಎಷ್ಟು ವಾರಗಳಾಗಿದ್ದವು. "ರಾಮ ಬ್ರೋರ್" ಎಂದೆ. "ಕ್ಯಾ ಹೆಥ್?" ಎಂದರು. ಅನ್ನ, ಧನ, ಆರೋಗ್ಯ ಎಲ್ಲವನ್ನೂ ಒಪ್ಪಿಸಿದೆ. ಇನ್ನು ಬಾಗಿಲು ತೆರೆಯಬೇಕು. ತೆರೆಯಲಿಲ್ಲ. ಹಬ್ಬದ ಮಾತಿನಲ್ಲಿ ಇಲ್ಲದ ಒಂದು ಪ್ರಶ್ನೆಯನ್ನು ಕಾಕ್ನಿ ಮೆಲ್ಲಗೆ ಕೇಳಿದರು.

"ತಿಮ್?"

ಒಳಗೆ ಅವರು ಕಣ್ಣು ಮುಚ್ಚಿಕೊಂಡಿದ್ದಾರೆಂದು ಬಾಗಿಲಾಚೆಯಿಂದಲೇ ನನಗೆ ತಿಳಿಯಿತು. ಅಪ್ಪಾ, ವಾಕ್ಯ ನನ್ನ ನಾಲಿಗೆಯ ಮೇಲೆ ಸಿದ್ಧವಾಗಿತ್ತು, ತಪ್ಪೇ ಇಲ್ಲದ ವಾಕ್ಯ. ಹೇಳಲಾಗಲಿಲ್ಲ. ಕೊಡವನ್ನು ಎದೆಗೆ ಒತ್ತಿಕೊಂಡೆ.

ಆಗ ಒಳಗಿನಿಂದ ಅತುಲ್‌ರ ದನಿ ಬಂತು. "ತಿಮ್ ಆಯ್, ಕಾಕ್ನಿ." 'ಅವರು ಬಂದರು' ಎಂದು. ಕಾಶ್ಮೀರಿಯಲ್ಲಿ! ಮದುವೆಯಾದಾಗಿನಿಂದ ಆ ಬಾಯಲ್ಲಿ ಆ ಮಾತು ನಾನು ಕೇಳಿಯೇ ಇರಲಿಲ್ಲ. ಕತ್ತಲಲ್ಲಿ ಮೆಟ್ಟಿಲು ಇಳಿಯುವವರ ಹಾಗೆ ಒಂದೊಂದೇ ಶಬ್ದ ಇಡುತ್ತಾ ಹೇಳಿದರು. ಜಮ್ಮುವಿಗೆ ಬಂದರು. ಸಂಜೆ ಬಂದರು. ಕೈಯಲ್ಲಿ ಕೀಲಿ ಇತ್ತು. ನಾನು ಅಲ್ಲೇ ಇದ್ದೆ, ನಾನು ನೋಡಿದೆ.

ಕಾಕ್ನಿ "ಊಟ ಮಾಡಿದರಾ?" ಎಂದು ಕೇಳಿದರು.

"ಮಾಡಿದರು. ನೀನೇ ಬಡಿಸಿದೆ."

ಅತುಲ್ ಆಡಿದ ಆ ನಾಲ್ಕು ಮಾತಿನಲ್ಲಿ ಕ್ರಿಯಾಪದಗಳ ಕೊನೆಯೆಲ್ಲ ತಪ್ಪಿತ್ತು, ಲಿಂಗ ಒಂದು ಕಡೆ, ವಚನ ಒಂದು ಕಡೆ. ಕಾಕ್ನಿ ತಿದ್ದಲಿಲ್ಲ. ನಾನೂ ತಿದ್ದಲಿಲ್ಲ. ಬಾಗಿಲ ಹೊರಗೆ ನಿಂತು ಅಳುತ್ತಿದ್ದೆ.

ಬಾಗಿಲು ತೆರೆಯಿತು. ಕಾಕ್ನಿ ನನ್ನ ಭುಜದ ಮೇಲಿಂದ ರಸ್ತೆಯನ್ನು ಒಮ್ಮೆ ನೋಡಿದರು. ಕೊಡ ತೆಗೆದುಕೊಂಡರು. ನನ್ನನ್ನು ಒಳಗೆ ಎಳೆದುಕೊಂಡು ತಾವೇ ಬಾಗಿಲು ಹಾಕಿದರು, ಚಿಲಕವನ್ನೂ ಹಾಕಿದರು. ಪಾಪ, ಸಿಯಾ ಹೊರಗೇ ಉಳಿದಳು! ಅವಳು ದಬದಬ ಬಡಿದಳು. ಕಾಕ್ನಿ ಗಂಭೀರವಾಗಿ, "ಕುಸ್ ಛು?" ಎಂದರು. ಹೊರಗಿನಿಂದ ಇಂಗ್ಲಿಷ್ ಬರುತ್ತದೆಂದು ನಾವು ಕಾದೆವು. "ರಾಮ ಬ್ರೋರ್!" ಎಂದು ಕೂಗಿದಳು ಹುಡುಗಿ.

ಈಗಲೂ ಸಂಜೆಯಾದರೆ ಕಾಕ್ನಿ ಬಾಗಿಲ ಹತ್ತಿರ ಬರುತ್ತಾರೆ, ತೆರೆಯುವುದಿಲ್ಲ. ಅತುಲ್ ಕಡೆ ತಿರುಗಿ ಅದೇ ಪ್ರಶ್ನೆ ಕೇಳುತ್ತಾರೆ. ಅವರು ಲ್ಯಾಪ್‌ಟಾಪ್ ಮುಚ್ಚಿಟ್ಟು ಅದೇ ಉತ್ತರ ಹೇಳುತ್ತಾರೆ, ದಿನಕ್ಕೊಂದು ಶಬ್ದ ಹೆಚ್ಚಾಗಿರುತ್ತದೆ. ನಿನ್ನೆ ಅತುಲ್ ತಾವೇ ಫ್ರಿಜ್ಜಿನ ಮೇಲಿಂದ ವ್ಯಾಕರಣ ಇಳಿಸಿ, 'ಹಿಮ ಬಿತ್ತು' ಹೇಗೆ ಹೇಳಬೇಕು ಎಂದು ನನ್ನನ್ನು ಕೇಳಿದರು. ನಾನು ಕಾಕ್ನಿಯನ್ನು ತೋರಿಸಿದೆ.

ನಿಮ್ಮ ಮಗಳು,
ಶರ್ವಾಣಿ


ಬ್ರಿಡ್ಜ್‌ವಾಟರ್
ಮಾರ್ಚ್ 9, 2025

ಮಗಳೇ,

ಕಿವಿಯ ಮಷೀನು ಹಾಕಿಕೊಂಡಿದ್ದೇನೆ. ಲಾವಣ್ಯಾ ಖುಷಿಯಿಂದ ಅತ್ತೇಬಿಟ್ಟಳು. ಲೋಕ ಇಷ್ಟೊಂದು ಗದ್ದಲದ್ದು ಎಂದು ಮರೆತಿದ್ದೆ. ಮುಂದಿನ ಶನಿವಾರ ಜಗದೀಶ ನನ್ನನ್ನು ನಿಮ್ಮ ಮನೆಯ ಮುಂದೆ ಇಳಿಸುತ್ತಾನೆ. ಬೆಲ್ ಒತ್ತುವುದಿಲ್ಲ, ಬಾಗಿಲು ತಟ್ಟುತ್ತೇನೆ. ಬೀಗಿತಿಯವರೇ ಕೇಳಲಿ. ಉತ್ತರ ಬಾಯಿಪಾಠ ಮಾಡಿದ್ದೇನೆ.

ನಿನ್ನ ಕಾಗದ ಓದಿದ ಮಾರನೆಯ ಬೆಳಿಗ್ಗೆ ಹಿತ್ತಿಲ ಕಿಟಕಿಯ ಹತ್ತಿರ ಕೂತು ಒಂದು ಉದಾಹರಣೆ ಬರೆದೆ. ಬಹಳ ವರ್ಷಗಳ ಮೇಲೆ.

'ಪದ್ಮಜೆಯು ಧಾರವಾಡದಿಂದ ಬಂದಳು.'

ಕರ್ತೃ ಸರಿಯಾಗಿದೆ, ವಿಭಕ್ತಿ ಸರಿಯಾಗಿದೆ, ಕ್ರಿಯಾಪದ ಸರಿಯಾಗಿದೆ. ಬರೆದು, ಪೆನ್ನು ಕೆಳಗಿಟ್ಟು, ಕಿಟಕಿಯ ಹೊರಗೆ ನೋಡಿದೆ.

ಅಪ್ಪ